ಕೋಳಿ ಮೇವಿನಲ್ಲಿ ಕುಲಾಂತರಿ ಜೋಳ: ಜೀನ್‌ಗಿಂತ ಬೂಷ್ಟಿನ ಪ್ರಶ್ನೆ ದೊಡ್ಡದು

ಮುಸುಕಿನ ಜೋಳ ಬೆಳೆಯುವವರು ಒಂದು ಕಡೆ, ಅದನ್ನು ಕೋಳಿಗೆ ಹಾಕುವವರು ಇನ್ನೊಂದು ಕಡೆ ಎಂದು ಹಾಸನ, ಚಿಕ್ಕಮಗಳೂರಿನ ಬಯಲು ಸೀಮೆಯಲ್ಲಿ ಗೆರೆ ಎಳೆಯುವುದು ಕಷ್ಟ. ಅರಸೀಕೆರೆ, ಕಡೂರು, ತರೀಕೆರೆ ಸುತ್ತ ಅಣ್ಣನ ಹೊಲದಲ್ಲಿ ಜೋಳ, ತಮ್ಮನ ಹೆಸರಲ್ಲಿ ಬ್ರಾಯ್ಲರ್ ಶೆಡ್ ಇರುವ ಮನೆಗಳು ಸಿಗುತ್ತವೆ. ಜೋಳದ ರೇಟು ಏರಿದರೆ ಅಣ್ಣನಿಗೆ ಖುಷಿ, ತಮ್ಮನಿಗೆ ಮರಿ ಕೊಡುವ ಕಂಪನಿಗೆ ತಲೆನೋವು. ರೇಟು ಬಿದ್ದರೆ ಉಲ್ಟಾ.

ಈ ಎರಡೂ ಆಟ ಎರಡೇ ವರ್ಷದಲ್ಲಿ ನಡೆದುಹೋಯಿತು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಎಥನಾಲ್ ಕಾರ್ಖಾನೆಗಳು ಜೋಳದ ಕಡೆ ತಿರುಗಿದವು. 2024ರಲ್ಲಿ ರೇಟು ಏರಿತು. ಜೋಳ ರಫ್ತು ಮಾಡುತ್ತಿದ್ದ ದೇಶ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಳ್ಳುವ ಹಾಗಾಯಿತು. ಕೋಳಿ ಉದ್ಯಮದವರು ಸುಂಕ ತೆಗೆಯಿರಿ, ಕುಲಾಂತರಿ (ಹೊರಗಿನ ಜೀನ್ ಸೇರಿಸಿದ) ಜೋಳವಾದರೂ ಸರಿ ಬರಲಿ ಎಂದು ಒತ್ತಾಯಿಸಿದರು. 2025ರ ಕೊನೆಗೆ ಚಿತ್ರ ತಿರುಗಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೂ ರಾಜ್ಯದ ಮಾರುಕಟ್ಟೆಗಳಲ್ಲಿ 1,600ರಿಂದ 1,800ರ ಆಸುಪಾಸಿಗೆ ಬಿತ್ತು. ಹಾವೇರಿ, ಗದಗದ ಕಡೆ ರೈತರು ರಸ್ತೆಗಿಳಿದರು. ಅದೇ ವರ್ಷ ಅಮೆರಿಕದ ವಾಣಿಜ್ಯ ಸಚಿವ ಹೋವರ್ಡ್ ಲಟ್ನಿಕ್, 140 ಕೋಟಿ ಜನ ಇರುವ ಭಾರತ ನಮ್ಮಿಂದ ಒಂದಿಷ್ಟೂ ಜೋಳ ಕೊಳ್ಳುವುದಿಲ್ಲವಲ್ಲ ಎಂದು ಬಹಿರಂಗವಾಗಿ ಗೊಣಗಿದರು. ಅಮೆರಿಕದಲ್ಲಿ ಜೋಳ ಬೆಳೆಯುವ ಜಮೀನಿನ ಶೇ 90ಕ್ಕೂ ಹೆಚ್ಚು ಭಾಗದಲ್ಲಿ ಇರುವುದು ಕುಲಾಂತರಿ ತಳಿ. ಅಲ್ಲಿಂದ ಜೋಳ ಬರುತ್ತದೆ ಎಂದರೆ ಕುಲಾಂತರಿ ಜೋಳ ಬರುತ್ತದೆ ಎಂದೇ ಲೆಕ್ಕ.

ಹಾಗಾಗಿ ಈಗ ಎರಡು ಮಾತು ಒಟ್ಟೊಟ್ಟಿಗೆ ಓಡಾಡುತ್ತಿವೆ. ಒಂದು, ಕುಲಾಂತರಿ ಜೋಳ ತಿಂದ ಕೋಳಿ ವಿಷ, ಅದನ್ನು ತಿಂದ ನಾವೂ ಕೆಟ್ಟೆವು ಎನ್ನುವುದು. ಇನ್ನೊಂದು, ಆ ಜೋಳದಲ್ಲಿ ಸತ್ವ ಜಾಸ್ತಿ, ಕೋಳಿ ಬೇಗ ತೂಕ ಕಟ್ಟುತ್ತದೆ ಎನ್ನುವುದು. ಎರಡೂ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಕೋಳಿಯ ಹೊಟ್ಟೆಗೆ ಸಂಬಂಧಿಸಿದಷ್ಟು ಮಟ್ಟಿಗೆ ಕುಲಾಂತರಿ ಜೋಳಕ್ಕೂ ಮಾಮೂಲಿ ಜೋಳಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಜಗಳ ಇರುವುದು ಬೇರೆ ಕಡೆ, ಅದು ಸಣ್ಣ ಜಗಳವೂ ಅಲ್ಲ.

ಒಂದು ಕೋಳಿಯ ಜೋಳದ ಲೆಕ್ಕ

ಈಗಿನ ಬ್ರಾಯ್ಲರ್ ತಳಿ ಒಂದು ಕೆಜಿ ತೂಕ ಕಟ್ಟಲು ಸುಮಾರು 1.6 ಕೆಜಿ ಫೀಡ್ ತಿನ್ನುತ್ತದೆ. ಶೆಡ್‌ನವರು ಎಫ್‌ಸಿಆರ್ ಎನ್ನುವುದು ಇದನ್ನೇ. ಎರಡು ಕೆಜಿಯ ಕೋಳಿಗೆ 3.2 ಕೆಜಿ ಫೀಡ್ ಬೇಕು. ಅದರಲ್ಲಿ ಶೇ 60ರಷ್ಟು ಜೋಳ ಎಂದಿಟ್ಟುಕೊಳ್ಳಿ, 1.9 ಕೆಜಿ ಆಯಿತು. 5,000 ಕೋಳಿಯ ಶೆಡ್‌ಗೆ ಒಂದು ಬ್ಯಾಚ್‌ಗೆ ಒಂಬತ್ತೂವರೆ ಟನ್. ಜೋಳದ ರೇಟು ಕೆಜಿಗೆ 6 ರೂಪಾಯಿ ಆಚೀಚೆ ಆದರೆ ಕೋಳಿಯೊಂದಕ್ಕೆ 11 ರೂಪಾಯಿಗೂ ಹೆಚ್ಚು ಆಚೀಚೆ ಆಗುತ್ತದೆ. ಕಂಪನಿಯ ಮರಿ, ಫೀಡ್ ಪಡೆದು ಒಪ್ಪಂದದ ಮೇಲೆ ಸಾಕುವವರಿಗೆ ಕೆಜಿಗೆ ಸಿಗುವ ಕೂಲಿಯ ಪಕ್ಕ ಈ ಅಂಕಿ ಇಟ್ಟು ನೋಡಿದರೆ ಕಂಪನಿಗಳು ಹೊರಗಿನ ಜೋಳಕ್ಕೆ ಯಾಕೆ ಬಾಯಿ ಬಿಡುತ್ತವೆ ಎಂದು ಗೊತ್ತಾಗುತ್ತದೆ.

ಕೋಳಿಗೆ ಜೋಳ ಬೇಕಿರುವುದು ಮುಖ್ಯವಾಗಿ ಶಕ್ತಿಗೆ. ಚೆನ್ನಾಗಿ ಒಣಗಿದ ಒಂದು ಕೆಜಿ ಜೋಳದಿಂದ ಕೋಳಿಗೆ ಸುಮಾರು 3,350 ಕಿಲೋ ಕ್ಯಾಲೊರಿ ಸಿಗುತ್ತದೆ. ಪ್ರೋಟೀನ್ ಶೇ 8ರಿಂದ 9 ಮಾತ್ರ. ಬ್ರಾಯ್ಲರ್‌ಗೆ ಬೇಕಿರುವುದು ಶೇ 20ರ ಮೇಲೆ, ಮರಿ ಚಿಕ್ಕದಿದ್ದಷ್ಟೂ ಇನ್ನೂ ಹೆಚ್ಚು. ಉಳಿದದ್ದನ್ನು ಸೋಯಾ ಹಿಂಡಿ ತುಂಬುತ್ತದೆ. ಪ್ರೋಟೀನ್‌ನ ಒಳಗೂ ಕೊರತೆ ಇದೆ. ಲೈಸಿನ್ ಎಂಬ ಅಮೈನೊ ಆಮ್ಲ ಜೋಳದಲ್ಲಿ ಶೇ 0.25ರಷ್ಟು. ಬ್ರಾಯ್ಲರ್ ಫೀಡ್‌ನಲ್ಲಿ ಅದು ಶೇ 1ರ ಆಸುಪಾಸು ಇರಬೇಕು. ಈ ಕೊರತೆಯ ವಿಷಯ ನೆನಪಿರಲಿ, ಮುಂದೆ ಬರುತ್ತದೆ. ಕೋಳಿಯ ಚರ್ಮ, ಕಾಲು ಹಳದಿಯಾಗಿ ಕಾಣುವುದೂ ಜೋಳದಲ್ಲಿರುವ ಬಣ್ಣದಿಂದಲೇ. ಹಳದಿ ಕೋಳಿ ನೋಡಿ ಇಂಜೆಕ್ಷನ್ ಕೊಟ್ಟಿದ್ದಾರೆ ಎನ್ನುವವರಿಗೆ ಯಾರಾದರೂ ಇದನ್ನು ಹೇಳಬೇಕು.

ಇನ್ನು ಕುಲಾಂತರಿ ಎಂದರೆ ಇಲ್ಲಿ ಏನು ಬದಲಾಗಿದೆ? ಜೋಳದ ಗಿಡದಲ್ಲಿ ಸುಮಾರು 32 ಸಾವಿರ ಜೀನ್‌ಗಳಿವೆ. ಅದಕ್ಕೆ ಹೊರಗಿನಿಂದ ಒಂದೋ ಎರಡೋ, ಕೆಲವು ತಳಿಗಳಲ್ಲಿ ಇನ್ನೂ ಕೆಲವು ಸೇರಿಸಿರುತ್ತಾರೆ. ಹೆಚ್ಚಾಗಿ ಮಾರಾಟದಲ್ಲಿರುವುದು ಎರಡು ಗುಣ. ಒಂದು ಬಿಟಿ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಕಾಂಡ ಕೊರೆಯುವ ಹುಳುವಿಗೆ ವಿಷವಾಗುವ ಪ್ರೋಟೀನ್ ಗಿಡದಲ್ಲೇ ತಯಾರಾಗುವಂತೆ ಮಾಡಿದ್ದು. ಇನ್ನೊಂದು, ಗ್ಲೈಫೊಸೇಟ್‌ನಂಥ ಕಳೆನಾಶಕ ಹೊಡೆದರೂ ಗಿಡ ಸಾಯದ ಹಾಗೆ ಮಾಡಿದ್ದು. ಎರಡೂ ಹೊಲದ ಕೆಲಸಕ್ಕೆ ಬೇಕಾದ ಗುಣಗಳು. ಕಾಳಿನ ಸತ್ವ ಹೆಚ್ಚಿಸಲು ಮಾಡಿದ್ದಲ್ಲ. ಹೊಲದ ಕೆಲಸಕ್ಕೆ ಮಾಡಿದ ಬದಲಾವಣೆಯಿಂದ ಕೋಳಿ ಬೇಗ ಬೆಳೆಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಬಿಟಿ ಪ್ರೋಟೀನ್ ಕೋಳಿಗೆ ಯಾಕೆ ತಟ್ಟುವುದಿಲ್ಲ? ಹುಳುವಿನ ಕರುಳು ಕ್ಷಾರ, ಅಂದರೆ ಸುಣ್ಣದ ನೀರಿನ ಗುಣದ್ದು. ಅಲ್ಲಿ ಆ ಪ್ರೋಟೀನ್ ಕರಗಿ, ಕರುಳಿನ ಗೋಡೆಯಲ್ಲಿರುವ ತನಗೆ ಹೊಂದುವ ಜಾಗಕ್ಕೆ ಅಂಟಿಕೊಂಡು ತೂತು ಕೊರೆಯುತ್ತದೆ. ಕೋಳಿಯ ಹೊಟ್ಟೆ ಹುಳಿ. ಆ ಹುಳಿ ರಸಕ್ಕೆ ಸಿಕ್ಕಿದ ಪ್ರೋಟೀನ್ ಬೇರೆ ಪ್ರೋಟೀನ್‌ಗಳ ಹಾಗೇ ಚೂರಾಗುತ್ತದೆ. ಹುಳುವಿನ ಕರುಳಿನಲ್ಲಿರುವ ಆ ಅಂಟುವ ಜಾಗ ಕೋಳಿಯಲ್ಲಿ ಇಲ್ಲ. ಪ್ರಮಾಣವೂ ಬಹಳ ಕಡಿಮೆ. ಮಾನ್ 810 ಎಂಬ ಹಳೆಯ ಬಿಟಿ ಜೋಳದ ಒಂದು ಕೆಜಿ ಕಾಳಿನಲ್ಲಿ ಆ ಪ್ರೋಟೀನ್ ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಅದೇ ಕೆಜಿಯಲ್ಲಿ ಬೇರೆ ಪ್ರೋಟೀನ್ 80 ಗ್ರಾಂಗೂ ಹೆಚ್ಚಿದೆ. ಬ್ರಾಯ್ಲರ್ ತನ್ನ ಇಡೀ ಬಾಳಿನಲ್ಲಿ ತಿನ್ನುವ ಬಿಟಿ ಪ್ರೋಟೀನ್ ಒಂದು ಮಿಲಿಗ್ರಾಂ ಕೂಡ ಆಗುವುದಿಲ್ಲ.

ಕೋಳಿಗೆ ಹಾಕಿ ನೋಡಿದ್ದಾರೆ

ಇದು ಬರೀ ಊಹೆಯಲ್ಲ. ಈ ಪರೀಕ್ಷೆಗೆ ಬ್ರಾಯ್ಲರ್‌ನಷ್ಟು ಒಳ್ಳೆಯ ಪ್ರಾಣಿ ಇನ್ನೊಂದಿಲ್ಲ. 40 ಗ್ರಾಂ ಇದ್ದ ಮರಿ ಆರು ವಾರದೊಳಗೆ 50 ಪಟ್ಟು ಬೆಳೆಯುತ್ತದೆ. ಮೇವಿನಲ್ಲಿ ಸ್ವಲ್ಪ ಏರುಪೇರಾದರೂ ತೂಕದಲ್ಲಿ ಕಾಣಿಸುತ್ತದೆ. ಶೆಡ್ ನಡೆಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೇಕ್ ಮತ್ತು ಜೊತೆಗಾರರು 1,280 ಬ್ರಾಯ್ಲರ್‌ಗಳ ಮೇಲೆ 38 ದಿನ ಮಾಡಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಈವೆಂಟ್ 176 ಎಂಬ ಬಿಟಿ ಜೋಳ ಒಂದು ಗುಂಪಿಗೆ, ಮಾಮೂಲಿ ಜೋಳ ಇನ್ನೊಂದಕ್ಕೆ. ಸಾವು, ತೂಕ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಬಿಟಿ ಜೋಳ ತಿಂದ ಗುಂಪಿನ ಎಫ್‌ಸಿಆರ್ ಮಾತ್ರ ಸ್ವಲ್ಪ ಉತ್ತಮವಾಗಿತ್ತು. ಕುಲಾಂತರಿ ಜೋಳದಲ್ಲಿ ಸತ್ವ ಜಾಸ್ತಿ ಎನ್ನುವವರು ಹಿಡಿದುಕೊಳ್ಳುವುದು ಇಂಥ ಸಾಲನ್ನೇ. ಆದರೆ ಪ್ರಯೋಗ ಮಾಡಿದವರೇ ಇದು ಜೋಳದಿಂದಲೋ, ಎರಡು ಫೀಡ್‌ಗಳ ಮಿಶ್ರಣದಲ್ಲಿದ್ದ ಸಣ್ಣ ವ್ಯತ್ಯಾಸದಿಂದಲೋ ಹೇಳಲಾಗದು ಎಂದು ಬರೆದಿದ್ದರು. ಆಮೇಲೆ ಬೇರೆ ಬೇರೆ ತಳಿಗಳ ಮೇಲೆ ಇಂಥ ಬಹಳಷ್ಟು ಪ್ರಯೋಗಗಳಾದವು. ಒಟ್ಟಾರೆ ಫಲಿತಾಂಶ ಒಂದೇ: ತೂಕ, ಎಫ್‌ಸಿಆರ್, ಎದೆ ಮಾಂಸ, ಸಾವು ಎಲ್ಲವೂ ಮಾಮೂಲಿ ಜೋಳದ ಮಟ್ಟದಲ್ಲೇ.

ಇವುಗಳಲ್ಲಿ ಹಲವಕ್ಕೆ ದುಡ್ಡು ಕೊಟ್ಟಿದ್ದು ಬೀಜ ಕಂಪನಿಗಳೇ ಅಲ್ವಾ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಜರ್ಮನಿಯ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಗೆರ್‌ಹಾರ್ಡ್ ಫ್ಲಾಕೊವ್ಸ್ಕಿ ತಂಡ ಕೌಜುಗ ಜಾತಿಯ ಜಪಾನಿ ಕ್ವೇಲ್ ಹಕ್ಕಿಗಳಿಗೆ ಹತ್ತು ತಲೆಮಾರು ಬಿಟಿ ಜೋಳ ತಿನ್ನಿಸಿ 2005ರಲ್ಲಿ ಫಲಿತಾಂಶ ಕೊಟ್ಟಿತು. ಬೆಳವಣಿಗೆ, ಮೊಟ್ಟೆ, ಮರಿಯಾಗುವ ಪ್ರಮಾಣ ಯಾವುದರಲ್ಲೂ ಕೇಡು ಕಾಣಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲಿಸನ್ ವ್ಯಾನ್ ಈನೆನ್ನಾಮ್ ಮತ್ತು ಎಮಿ ಯಂಗ್ 2014ರಲ್ಲಿ ಇನ್ನೊಂದು ದಾರಿ ಹಿಡಿದರು. ಅಮೆರಿಕದಲ್ಲಿ ಕುಲಾಂತರಿ ಬೆಳೆ ಬಂದ 1996ಕ್ಕಿಂತ ಹಿಂದಿನ ಮತ್ತು ನಂತರದ ಪಶು, ಕೋಳಿ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. 10 ಸಾವಿರ ಕೋಟಿಗೂ ಹೆಚ್ಚು ಪ್ರಾಣಿಗಳ ಲೆಕ್ಕ. ಅದರಲ್ಲಿ ಬಹುಪಾಲು ಬ್ರಾಯ್ಲರ್. ಮೇವು ಬದಲಾದ ಮೇಲೆ ಆರೋಗ್ಯ ಕೆಟ್ಟ ಗುರುತು ಸಿಗಲಿಲ್ಲ.

ಮಾಂಸದೊಳಗೆ ಆ ಜೀನ್ ಬಂದು ಕೂರುತ್ತದೆ ಎನ್ನುವ ಹೆದರಿಕೆಯೂ ಇದೆ. ಜರ್ಮನಿಯಲ್ಲೇ 2001ರಲ್ಲಿ ಇದನ್ನು ಹುಡುಕಿ ನೋಡಿದರು. ಗಿಡದ ಹಸಿರು ಭಾಗದ ಡಿಎನ್ಎಯ ಸಣ್ಣ ಚೂರುಗಳು ಕೋಳಿ ಮಾಂಸದಲ್ಲಿ ಸಿಕ್ಕವು. ನಾವು ಸೊಪ್ಪು ತಿಂದಾಗಲೂ ಹೀಗೇ ಆಗುತ್ತದೆ. ಬಿಟಿ ಜೀನ್‌ನ ಚೂರು ಸಿಗಲಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಗಡ್ಡೆ ಎದ್ದ ಇಲಿಗಳ ಫೋಟೊ, ಕುಲಾಂತರಿ ಜೋಳ ತಿನ್ನಿಸಿ ನೋಡಿದ 2012ರ ಫ್ರಾನ್ಸ್‌ನ ಪ್ರಯೋಗದ್ದು. ಜೀಲ್-ಎರಿಕ್ ಸೆರಾಲಿನಿ ತಂಡ ಬಳಸಿದ್ದು ವಯಸ್ಸಾದಂತೆ ತಾನಾಗೇ ಗಡ್ಡೆ ಏಳುವ ಜಾತಿಯ ಇಲಿ, ಅದೂ ಗುಂಪಿಗೆ ಕೆಲವೇ ಕೆಲವು. ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಆ ಲೇಖನ ಹಿಂತೆಗೆದುಕೊಂಡಿತು. 2014ರಲ್ಲಿ ಬೇರೆ ಪತ್ರಿಕೆಯಲ್ಲಿ ಅದು ಮತ್ತೆ ಬಂತು, ಟೀಕೆ ಮಾತ್ರ ಹಾಗೇ ಉಳಿಯಿತು. ಕೋಳಿಯ ಬಗ್ಗೆಯೂ ಇಂಥದೊಂದು ಕಥೆ ಇದೆ. ಬ್ರಿಟನ್‌ನಲ್ಲಿ 2002ರಲ್ಲಿ ಟಿ25 ಎಂಬ ಕುಲಾಂತರಿ ಜೋಳಕ್ಕೆ ಒಪ್ಪಿಗೆ ಕೊಡುವ ಬಗ್ಗೆ ವಿಚಾರಣೆ ನಡೆದಾಗ, ಅದನ್ನು ತಿಂದ ಕೋಳಿಗಳು ಎರಡರಷ್ಟು ಸತ್ತವು ಎಂದು ಸುದ್ದಿಯಾಯಿತು. ಆ ಪ್ರಯೋಗದಲ್ಲಿದ್ದ ಕೋಳಿಗಳೇ ಕೆಲವು ನೂರು. ಅಷ್ಟು ಸಣ್ಣ ಗುಂಪಿನಲ್ಲಿ ನಾಲ್ಕೈದು ಹೆಚ್ಚು ಸತ್ತರೂ ಎರಡರಷ್ಟು ಆಗಿಬಿಡುತ್ತದೆ. ಒಂದೇ ಶೆಡ್‌ನ ಆ ಬದಿಗೂ ಈ ಬದಿಗೂ ಅಷ್ಟು ವ್ಯತ್ಯಾಸ ಬರುವುದನ್ನು ಕೋಳಿ ಸಾಕಿದವರು ನೋಡಿರುತ್ತಾರೆ.

ಸತ್ವ ಹೆಚ್ಚಿಸಲೆಂದೇ ಮಾಡಿದ ಜೋಳವೂ ಉಂಟು

ಲೈಸಿನ್ ಕೊರತೆ ಎಂದಿದ್ದೆನಲ್ಲ. ಅದನ್ನು ತುಂಬಲೆಂದೇ ಎಲ್‌ವೈ038 ಎಂಬ ಕುಲಾಂತರಿ ಜೋಳ ಮಾಡಿದ್ದರು. ಇದರ ಕಾಳಿನಲ್ಲಿ ಲೈಸಿನ್ ಹೆಚ್ಚು. ಅಮೆರಿಕದಲ್ಲಿ 2006ರ ಹೊತ್ತಿಗೆ ಒಪ್ಪಿಗೆಯೂ ಸಿಕ್ಕಿತು. ಬ್ರಾಯ್ಲರ್‌ಗೆ ಹಾಕಿ ನೋಡಿದಾಗ ಫಲಿತಾಂಶ ಚೆನ್ನಾಗೇ ಇತ್ತು. ಎಷ್ಟು ಚೆನ್ನಾಗಿ ಎಂದರೆ, ಮಾಮೂಲಿ ಜೋಳಕ್ಕೆ ಲೈಸಿನ್ ಪುಡಿ ಬೆರೆಸಿ ಹಾಕಿದಷ್ಟು. ಪುಡಿ ಕಾರ್ಖಾನೆಯಲ್ಲಿ ಅಗ್ಗಕ್ಕೆ ತಯಾರಾಗುವಾಗ ಈ ಜೋಳವನ್ನು ಬೇರೆಯಾಗಿ ಬೆಳೆದು, ಬೇರೆಯಾಗಿ ಸಾಗಿಸುವ ಉಸಾಬರಿ ಯಾರಿಗೆ ಬೇಕು? ಯುರೋಪಿನಲ್ಲಿ ಹಾಕಿದ್ದ ಅರ್ಜಿಯನ್ನು ಕಂಪನಿ 2009ರಲ್ಲಿ ವಾಪಸ್ ಪಡೆಯಿತು.

ಅದೇ 2009ರಲ್ಲಿ ಚೀನಾ ಫೈಟೇಸ್ ಜೋಳಕ್ಕೆ ಜೈವಿಕ ಸುರಕ್ಷತಾ ಪ್ರಮಾಣಪತ್ರ ಕೊಟ್ಟಿತು. ಜೋಳದಲ್ಲಿರುವ ರಂಜಕದ ಮೂರನೇ ಎರಡು ಭಾಗದಷ್ಟು ಫೈಟೇಟ್ ರೂಪದಲ್ಲಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಕೋಳಿಗೆ ಹೆಚ್ಚಿಲ್ಲ. ಹಿಕ್ಕೆಯಲ್ಲಿ ಹೋಗಿ, ಕೊನೆಗೆ ಕೋಳಿ ಗೊಬ್ಬರವಾಗಿ ಕಾಫಿ ತೋಟ, ಶುಂಠಿ ಹೊಲ ಸೇರುತ್ತದೆ. ಫೈಟೇಟ್ ಬಿಡಿಸುವ ಕಿಣ್ವವನ್ನು ಕಾಳಿನಲ್ಲೇ ಇಟ್ಟರೆ ಹೇಗೆ ಎನ್ನುವುದು ಚೀನಾದವರ ಯೋಚನೆ. ಒಳ್ಳೆಯದೇ. ಆದರೆ ನಮ್ಮ ಫೀಡ್ ಮಿಲ್‌ಗಳು ಅದೇ ಕಿಣ್ವದ ಪುಡಿಯನ್ನು ಈಗಾಗಲೇ ಚಿಟಿಕೆಯಷ್ಟು ಬೆರೆಸುತ್ತಿವೆ.

ಕುಲಾಂತರಿ ಅಲ್ಲದೆಯೂ ಸತ್ವ ಹೆಚ್ಚಿಸಿದ ದಾರಿ ಇದೆ, ಅದರ ಹಿಂದೆ ನಮ್ಮ ದೇಶದವರೊಬ್ಬರಿದ್ದಾರೆ. ಲೈಸಿನ್ ಹೆಚ್ಚಿರುವ ಸಹಜ ಜೋಳದ ಗುಣವೊಂದು 1960ರ ದಶಕದಲ್ಲಿ ಅಮೆರಿಕದಲ್ಲಿ ಸಿಕ್ಕಿತ್ತು. ಆದರೆ ಕಾಳು ಮೆತ್ತಗೆ, ಹುಳುವಿಗೆ ಬೇಗ ಸಿಕ್ಕುವಂಥದು. ಮೆಕ್ಸಿಕೊದ ಅಂತರರಾಷ್ಟ್ರೀಯ ಜೋಳ ಮತ್ತು ಗೋಧಿ ಕೇಂದ್ರದಲ್ಲಿ ಸುರೀಂದರ್ ವಸಲ್ ಮತ್ತು ಇವಾಂಜೆಲಿನಾ ವಿಯೆಗಾಸ್ ವರ್ಷಗಟ್ಟಲೆ ತಳಿ ಕೂಡಿಸಿ ಅದನ್ನು ಗಟ್ಟಿ ಕಾಳಿನ ಜೋಳ ಮಾಡಿದರು. ಕ್ಯೂಪಿಎಂ ಎಂಬ ಈ ಜೋಳಕ್ಕಾಗಿ ಇಬ್ಬರಿಗೂ 2000ನೇ ಇಸವಿಯ ವಿಶ್ವ ಆಹಾರ ಪ್ರಶಸ್ತಿ ಬಂತು. ಭಾರತದಲ್ಲೂ ಇಂಥ ತಳಿಗಳು ಬಿಡುಗಡೆಯಾಗಿವೆ. ಮಂಡಿಯಲ್ಲಿ ಅದಕ್ಕೆ ಬೇರೆ ರೇಟು ಸಿಗದಿದ್ದರೆ ರೈತ ಯಾಕೆ ಬೆಳೆಯಬೇಕು? ವ್ಯಾಪಾರಿ ನೋಡುವುದು ಬಣ್ಣ, ತೇವ, ತೂಕ. ಲೈಸಿನ್ ಕಣ್ಣಿಗೆ ಕಾಣುವುದಿಲ್ಲ.

ನಿಜವಾದ ವ್ಯತ್ಯಾಸ ಒಣಗಿಸುವುದರಲ್ಲಿದೆ

ಕೋಳಿಗೆ ಸಿಗುವ ಸತ್ವದಲ್ಲಿ ಲೋಡಿನಿಂದ ಲೋಡಿಗೆ ದೊಡ್ಡ ವ್ಯತ್ಯಾಸ ತರುವುದು ತೇವಾಂಶ. ಶೇ 12ರ ತೇವದ ಜೋಳದಲ್ಲಿ 3,350 ಕಿಲೋ ಕ್ಯಾಲೊರಿ ಇದ್ದರೆ, ಅದೇ ಜೋಳ ಶೇ 16ರ ತೇವದಲ್ಲಿ ಬಂದಾಗ ಕೆಜಿಗೆ ಸುಮಾರು 3,200 ಮಾತ್ರ. 150 ಕಿಲೋ ಕ್ಯಾಲೊರಿ ನೀರಿಗೆ ಹೋಯಿತು. ಕುಲಾಂತರಿ, ಮಾಮೂಲಿ ಎಂದು ಹೋಲಿಸಿದ ಯಾವ ನೆಟ್ಟಗಿನ ಪ್ರಯೋಗದಲ್ಲೂ ಇಷ್ಟು ವ್ಯತ್ಯಾಸ ಬಂದಿಲ್ಲ. ಪ್ರೋಟೀನ್ ಕೂಡ ಹಾಗೇ. ಯೂರಿಯಾ ಸರಿಯಾಗಿ ಬಿದ್ದ ಹೊಲದ ಕಾಳಿಗೂ ಮಳೆ ಕೈಕೊಟ್ಟು ಗೊಬ್ಬರ ಹಾಕದೆ ಬಿಟ್ಟ ಹೊಲದ ಕಾಳಿಗೂ ಶೇ 1ಕ್ಕಿಂತ ಹೆಚ್ಚು ಅಂತರ ಬರಬಹುದು.

ನೀರಿನ ಹಿಂದೆಯೇ ಬೂಷ್ಟು ಬರುತ್ತದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಜೋಳದ ಬಿತ್ತನೆ ಮೇ ಕೊನೆ, ಜೂನ್‌ನಲ್ಲಿ. ಆಲೂಗಡ್ಡೆಗೆ ಅಂಗಮಾರಿ ಬಿದ್ದು ಕೈಸುಟ್ಟುಕೊಂಡ ಹಾಸನದ ಎಷ್ಟೋ ರೈತರು ಜೋಳಕ್ಕೆ ಬಂದವರು. ಖರ್ಚು ಕಡಿಮೆ, ರಗಳೆ ಕಡಿಮೆ ಎಂಬ ಲೆಕ್ಕ. ಕಟಾವಿಗೆ ಬರುವುದು ಅಕ್ಟೋಬರ್, ನವೆಂಬರ್. ಸರಿಯಾಗಿ ಹಿಂಗಾರು ಮಳೆ ಹಿಡಿಯುವ ಹೊತ್ತು. ತೆನೆ ಮುರಿಯುವಾಗ ಕಾಳಿನಲ್ಲಿ ಶೇ 20ರ ಮೇಲೆ ತೇವ ಇರುತ್ತದೆ. ಅದು 12-13ಕ್ಕೆ ಇಳಿಯಬೇಕು. ಕಣ ಇಲ್ಲ, ಇದ್ದರೂ ಸಾಲದು. ಹಾಗಾಗಿ ಡಾಂಬರು ರಸ್ತೆಯ ಅರ್ಧಕ್ಕೆ ಜೋಳ ಹರಡಿ, ಅಂಚಿಗೆ ಕಲ್ಲಿಟ್ಟು, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವುದು. ಬೈಕಿನವರು ಬೈಯುತ್ತಾರೆ. ಎರಡು ದಿನ ಬಿಸಿಲು ಬಂದು ಮೂರನೇ ದಿನ ಮಳೆ ಬಂದರೆ ಟಾರ್ಪಾಲಿನ ಒಳಗೆ ಕಾಳು ಬಿಸಿಯಾಗಿ ಬೆವರುತ್ತದೆ.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿಗೆ ಇಂಥ ಕಾಳು ಹಬ್ಬ. ಅದು ಬಿಡುವ ವಿಷ ಅಫ್ಲಟಾಕ್ಸಿನ್. ಈ ವಿಷ ಜಗತ್ತಿಗೆ ಗೊತ್ತಾಗಿದ್ದೇ ಕೋಳಿ ಜಾತಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೊದಲು ಯಾವುದೋ ಹೊಸ ರೋಗ ಅಂದುಕೊಂಡಿದ್ದರು. ಕೋಳಿ ಮೇವಿನಲ್ಲಿ ಇದು ನೂರು ಕೋಟಿಗೆ 20 ಪಾಲು, ಅಂದರೆ ಒಂದು ಟನ್‌ನಲ್ಲಿ 20 ಮಿಲಿಗ್ರಾಂ ಮೀರಬಾರದು ಎನ್ನುವುದು ಭಾರತೀಯ ಮಾನಕ. ಅಷ್ಟು ಸೂಕ್ಷ್ಮ ಪ್ರಮಾಣವೂ ಲೆಕ್ಕಕ್ಕೆ ಬರುವ ವಿಷ ಇದು. ಅಫ್ಲಟಾಕ್ಸಿನ್ ಹೆಚ್ಚಾದರೆ ಕೋಳಿ ಒಮ್ಮೆಗೇ ಸಾಯಬೇಕೆಂದಿಲ್ಲ. ಲಿವರ್ ಊದಿ ಹಳದಿಯಾಗುತ್ತದೆ. ತೂಕ ನಿಲ್ಲುತ್ತದೆ. ಲಸಿಕೆ ಹಾಕಿದ್ದರೂ ರೋಗ ಬರುತ್ತದೆ. ಬ್ಯಾಚ್ ಕೆಟ್ಟಿತು, ಮರಿ ಸರಿ ಇರಲಿಲ್ಲ, ಬಿಸಿಲು ಜಾಸ್ತಿ ಇತ್ತು ಎಂದು ಏನೇನೋ ಕಾರಣ ಹೇಳಿ ಸುಮ್ಮನಾಗುತ್ತಾರೆ.

ಇಲ್ಲೊಂದು ತಮಾಷೆ ಇದೆ. ಹುಳು ಕೊರೆದ ತೆನೆಯ ಗಾಯದಿಂದಲೂ ಬೂಷ್ಟು ಒಳಗೆ ಹೋಗುತ್ತದೆ. ಬಿಟಿ ಜೋಳದಲ್ಲಿ ಹುಳುವಿನ ಗಾಯ ಕಡಿಮೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಗ್ಯಾರಿ ಮುಂಕ್ವೊಲ್ಡ್ ತಂಡ 1990ರ ದಶಕದ ಕೊನೆಯಲ್ಲೇ ಇದನ್ನು ಹೊಲದಲ್ಲಿ ನೋಡಿತ್ತು. ಫ್ಯುಸೇರಿಯಂ ಎಂಬ ಇನ್ನೊಂದು ಬೂಷ್ಟು ಮತ್ತು ಅದರ ಫ್ಯುಮೊನಿಸಿನ್ ವಿಷ ಬಿಟಿ ಜೋಳದಲ್ಲಿ ಕಡಿಮೆ ಇದ್ದವು. ಕುಲಾಂತರಿ ಜೋಳದಿಂದ ಕೋಳಿ ಮೇವಿಗೆ ಆಗುವ ಅನುಕೂಲ ಎಂದು ಯಾವುದನ್ನಾದರೂ ಹೇಳಬಹುದಾದರೆ ಇದನ್ನೇ. ಅಫ್ಲಟಾಕ್ಸಿನ್ ವಿಷಯದಲ್ಲಿ ಮಾತ್ರ ಇಷ್ಟು ಖಚಿತವಾಗಿ ಹೇಳಲಾಗದು, ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂದಿದೆ. ಕಟಾವಿನ ನಂತರ ಟಾರ್ಪಾಲಿನ ಒಳಗೆ ಬೆವರಿದ ಕಾಳನ್ನು ಯಾವ ಜೀನ್ ಕೂಡ ಕಾಪಾಡುವುದಿಲ್ಲ.

ಎಥನಾಲ್ ಕಾರ್ಖಾನೆಯ ಚರಟ ಈಗ ಇದಕ್ಕೆ ಇನ್ನೊಂದು ಗಂಟು ಸೇರಿಸಿದೆ. ಒಂದು ಟನ್ ಜೋಳದಿಂದ ಎಥನಾಲ್ ತೆಗೆದ ಮೇಲೆ ಸುಮಾರು 300 ಕೆಜಿ ಒಣ ಚರಟ ಉಳಿಯುತ್ತದೆ. ಡಿಡಿಜಿಎಸ್ ಎನ್ನುವ ಇದರಲ್ಲಿ ಪ್ರೋಟೀನ್ ಶೇ 26ರಿಂದ 30. ಸೋಯಾ ಹಿಂಡಿಗಿಂತ ಅಗ್ಗ. ಹಾಗಾಗಿ ಫೀಡ್ ಮಿಲ್‌ಗಳು ಬಳಸುತ್ತಿವೆ. ಒಣಗಿಸುವಾಗ ಶಾಖ ಹೆಚ್ಚಾದರೆ ಲೈಸಿನ್ ಸುಟ್ಟುಹೋಗುತ್ತದೆ, ಆಗ ಚೀಟಿಯಲ್ಲಿರುವ ಪ್ರೋಟೀನ್ ಅಂಕಿಗೆ ಬೆಲೆ ಇಲ್ಲ. ಇನ್ನೊಂದು, ಪಿಷ್ಟ ಎಥನಾಲ್ ಆಗಿ ಹೋದ ಮೇಲೆ ಉಳಿದದ್ದೆಲ್ಲ ಮೂರು ಪಟ್ಟು ಮಂದವಾಗುತ್ತದೆ. ಜೋಳದಲ್ಲಿದ್ದ ಬೂಷ್ಟಿನ ವಿಷವೂ ಅಷ್ಟೇ, ಮೂರು ಪಟ್ಟು. 2026ರ ಫೆಬ್ರುವರಿಯ ಭಾರತ–ಅಮೆರಿಕ ಜಂಟಿ ಹೇಳಿಕೆಯಲ್ಲಿ ಸುಂಕ ಇಳಿಸುವ ಪಟ್ಟಿಯಲ್ಲಿ ಡಿಡಿಜಿಎಸ್ ಹೆಸರೂ ಇತ್ತು. ಚರ್ಚೆಯೆಲ್ಲ ಅದು ಕುಲಾಂತರಿಯೇ ಅಲ್ಲವೇ ಎನ್ನುವುದರ ಸುತ್ತ ಸುತ್ತಿತು. ಅಲ್ಲಿಂದ ಬಂದರೂ ಇಲ್ಲೇ ತಯಾರಾದರೂ ಅಫ್ಲಟಾಕ್ಸಿನ್ ಎಷ್ಟಿದೆ ಎಂದು ಕೇಳಿದವರು ಕಡಿಮೆ.

ಹಟ್ಟಿಗೆ ಯಾವಾಗಲೋ ಬಂದಿದೆ

ಕುಲಾಂತರಿ ಮೇವು ನಮ್ಮಲ್ಲಿಗೆ ಇನ್ನು ಮೇಲೆ ಬರಬೇಕಾದ್ದೇನಲ್ಲ. ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ದೇಶದ ಹತ್ತಿಯಲ್ಲಿ ಬಹುಪಾಲು ಅದೇ. ಅದರ ಬೀಜ, ಹಿಂಡಿ ಎರಡು ದಶಕದಿಂದ ಹಸುವಿನ ಬಾನಿಗೆ ಬೀಳುತ್ತಿದೆ. ಹಾಸನದ ಡೇರಿಗಳಿಗೆ ಹಾಲು ಹಾಕುವ ಮನೆಗಳಲ್ಲೂ ಹತ್ತಿಕಾಳಿನ ಹಿಂಡಿ ಹೊಸ ವಸ್ತುವಲ್ಲ. ಕೋಳಿಗೆ ಅದನ್ನು ಹೆಚ್ಚು ಹಾಕದಿರುವುದು ಬಿಟಿ ಎಂಬ ಕಾರಣಕ್ಕಲ್ಲ, ಹತ್ತಿ ಬೀಜದಲ್ಲಿ ಮೊದಲಿನಿಂದಲೂ ಇರುವ ಗಾಸಿಪಾಲ್ ಎಂಬ ವಿಷದ ಕಾರಣಕ್ಕೆ. 2021ರ ಆಗಸ್ಟ್‌ನಲ್ಲಿ ಸೋಯಾ ರೇಟು ಕೈಮೀರಿದಾಗ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಬಿಟ್ಟಿತು. ಆ ಹಿಂಡಿ ತಿಂದ ಕೋಳಿಯನ್ನು ಭಾನುವಾರದ ಸಾರಿಗೆ ನಾವೂ ತಂದಿದ್ದಿರಬಹುದು. ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ಹೇಳಬೇಕೆಂಬ ನಿಯಮವೂ ಇರಲಿಲ್ಲ. ಇದು ಸರಿ ಅಲ್ಲ ಎನ್ನುವುದೇ ನನ್ನ ನಿಲುವು. ಕೋಳಿಗೆ ಕೇಡಿಲ್ಲ ಎಂಬ ಮಾತು ಬೇರೆ, ಕೊಳ್ಳುವವರಿಗೆ ತಿಳಿಸಬೇಕಿಲ್ಲ ಎಂಬ ಮಾತು ಬೇರೆ.

ಕೋಳಿಗೆ ಕೇಡಿಲ್ಲ ಎಂದರೆ ಕುಲಾಂತರಿ ಜೋಳ ಬರಲಿ ಎಂದೂ ಅರ್ಥವಲ್ಲ. ಮೇವಿಗೆ ಮಾತ್ರ ಎಂದು ತರಿಸಿದ್ದು ಮೇವಲ್ಲೇ ಉಳಿಯುತ್ತದೆ ಎಂದು ನಂಬುವುದು ಕಷ್ಟ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಎಂಬ ಜೋಳಕ್ಕೆ 1998ರಲ್ಲಿ ಪಶು ಆಹಾರಕ್ಕೆ ಮಾತ್ರ ಒಪ್ಪಿಗೆ ಕೊಟ್ಟರು. 2000ದಲ್ಲಿ ಅದು ಜನ ತಿನ್ನುವ ಟ್ಯಾಕೊ ಎಂಬ ತಿಂಡಿಯ ಗರಿಗರಿ ಚಿಪ್ಪಿನಲ್ಲಿ ಸಿಕ್ಕಿತು. ರಾಶಿರಾಶಿ ಸರಕು ವಾಪಸ್ ತೆಗೆಸಬೇಕಾಯಿತು. ಅಷ್ಟು ದೊಡ್ಡ ಗೋದಾಮು, ಅಷ್ಟು ಲೆಕ್ಕಪತ್ರ ಇರುವ ದೇಶದಲ್ಲೇ ಹೀಗಾಯಿತು. ನಮ್ಮಲ್ಲಿ ಒಂದೇ ಮಂಡಿಯ ಜೋಳ ಕೋಳಿ ಫೀಡ್‌ಗೂ ಹೋಗುತ್ತದೆ, ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ, ಹಿಟ್ಟಿನ ಗಿರಣಿಗೂ ಹೋಗುತ್ತದೆ. ಇಡೀ ಕಾಳು ಬಂದರೆ ಯಾರಾದರೂ ಬಿತ್ತಿಯೂ ನೋಡುತ್ತಾರೆ. ಜೋಳ ಗಾಳಿಯಲ್ಲಿ ಪರಾಗ ಹಾರಿಸುವ ಬೆಳೆ, ಪಕ್ಕದ ಹೊಲದ ಬದು ಅದಕ್ಕೆ ಅಡ್ಡಿಯಲ್ಲ.

ಹುಳುವಿನ ಮಾತೂ ಅಷ್ಟು ಸರಳವಲ್ಲ. 2018ರ ಮೇನಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ಮೊದಲು ಕಂಡಿತು. ದೇಶಕ್ಕೇ ಅದು ಮೊದಲು. ಅಲ್ಲಿಂದೀಚೆಗೆ ಸುಳಿಗೆ ಔಷಧ ಹೊಡೆದು, ತೌಡು ಬೆಲ್ಲ ಕಲಸಿ ವಿಷದ ಉಂಡೆ ಹಾಕಿ ರೈತರು ಸುಸ್ತಾಗಿದ್ದಾರೆ. ಬಿಟಿ ಬೀಜ ಬಂದರೆ ಒಂದೆರಡು ಔಷಧ ಉಳಿಯಬಹುದು, ಆ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬ್ರೆಜಿಲ್‌ನಲ್ಲಿ ಇದೇ ಹುಳು ಒಂದು ಬಗೆಯ ಬಿಟಿ ಜೋಳವನ್ನು ಕೆಲವೇ ವರ್ಷಗಳಲ್ಲಿ ಜೀರ್ಣಿಸಿಕೊಂಡಿತು. ನಮ್ಮ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಅದನ್ನೇ ಮಾಡಿತು, ರಾಯಚೂರಿನ ರೈತರನ್ನು ಕೇಳಿದರೆ ಗೊತ್ತಾಗುತ್ತದೆ. ಕಳೆನಾಶಕ ತಡೆಯುವ ಜೋಳ ಬಂದರೆ ಗ್ಲೈಫೊಸೇಟ್ ಹೊಡೆಯುವುದು ಹೆಚ್ಚುತ್ತದೆ. ಅದೇ ಗ್ಲೈಫೊಸೇಟ್ ಬಳಕೆಗೆ 2022ರಲ್ಲಿ ಕೇಂದ್ರವೇ ಕಡಿವಾಣ ಹಾಕಿದೆ.

ಎಲ್ಲಕ್ಕಿಂತ ಮೊದಲು ರೇಟಿನ ಪ್ರಶ್ನೆ. ಕಟಾವಿನ ಹೊತ್ತಿಗೆ ಹೊರಗಿನ ಜೋಳದ ಹಡಗು ಬಂದು ನಿಂತರೆ ಅರಸೀಕೆರೆಯ ಅಣ್ಣನಿಗೆ ಬೆಂಬಲ ಬೆಲೆ ಎನ್ನುವುದು ಕಾಗದದ ಮೇಲೆ ಮಾತ್ರ. ಆ ಜೋಳ ಕುಲಾಂತರಿ ಆದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಆಮದನ್ನು ವಿರೋಧಿಸಲು ಇಷ್ಟು ಗಟ್ಟಿ ಕಾರಣ ಇರುವಾಗ, ಕೋಳಿ ವಿಷವಾಗುತ್ತದೆ ಎಂಬ ನಿಲ್ಲದ ವಾದವನ್ನು ಮುಂದಿಟ್ಟುಕೊಳ್ಳುವುದು ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ. ಆ ವಾದ ಬಿದ್ದ ದಿನ ಉಳಿದ ನಿಜವಾದ ಕಾರಣಗಳನ್ನೂ ಅದರ ಜೊತೆ ಪಕ್ಕಕ್ಕೆ ತಳ್ಳುತ್ತಾರೆ.

ಸದ್ಯಕ್ಕೆ ಶೆಡ್ ಇರುವವರಿಗೆ ಉಪಯೋಗಕ್ಕೆ ಬರುವ ಕೆಲಸ ಬೇರೆ ಇದೆ. ಒಪ್ಪಂದದ ಸಾಕಣೆಯಲ್ಲಿ ಫೀಡ್ ಕಂಪನಿಯದು. ಅದರಲ್ಲಿ ಯಾವ ಜೋಳ ಹಾಕಿದ್ದಾರೆ ಎಂದು ಕೇಳುವ ಅಧಿಕಾರ ಸಾಕುವವರಿಗೆ ಇಲ್ಲ. ಎಫ್‌ಸಿಆರ್ ಕೆಟ್ಟರೆ ಕಡಿತ ಮಾತ್ರ ಅವರ ಕೂಲಿಯಲ್ಲೇ. ಹಾಗಾಗಿ ಫೀಡ್ ಲೋಡ್ ಇಳಿದಾಗಲೆಲ್ಲ ನಾಲ್ಕೈದು ಚೀಲದಿಂದ ಒಂದೊಂದು ಹಿಡಿ ತೆಗೆದು, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬ್ಯಾಚ್ ನಂಬರು, ತಾರೀಖು ಬರೆದು ತೇವ ಇಲ್ಲದ ಕಡೆ ಇಟ್ಟುಕೊಳ್ಳಿ. ಕೋಳಿ ಸಾಯಲು ಶುರುವಾದರೆ ಪಶುವೈದ್ಯರ ಹತ್ತಿರ ಲಿವರ್ ತೆಗೆಸಿ ನೋಡಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಆ ಪೊಟ್ಟಣ ಕೈಯಲ್ಲಿದ್ದರೆ ಫೀಡ್‌ನಲ್ಲಿ ಅಫ್ಲಟಾಕ್ಸಿನ್ ಇತ್ತೋ ಇಲ್ಲವೋ ಎಂದು ಪರೀಕ್ಷೆ ಮಾಡಿಸಬಹುದು. ಇಲ್ಲದಿದ್ದರೆ ತಪ್ಪು ಮರಿಯದೋ, ಬಿಸಿಲಿನದೋ, ನಿಮ್ಮದೋ ಎಂದು ಕಂಪನಿಯ ಸೂಪರ್‌ವೈಸರ್ ಹೇಳಿದ್ದೇ ಕೊನೆಯ ಮಾತು.